ಟ್ರ್ಯಾಕ್ಟರ್ ವಿಮೆ: ರೈತರು ತಿಳಿದಿರಬೇಕಾದ ಅಂಶಗಳು

ಬೆಂಗಳೂರು–ಹಾಸನ ಹೆದ್ದಾರಿ ಸೋಲೂರಿನ ಮೂಲಕ ಹಾದುಹೋಗುತ್ತದೆ. ರಾಗಿ, ಹುಲ್ಲು, ಗೊಬ್ಬರ ಸಾಗಿಸುವ ಟ್ರ್ಯಾಕ್ಟರುಗಳೂ ಈ ರಸ್ತೆಗೆ ಇಳಿಯುತ್ತವೆ. ಆದ್ದರಿಂದ ಇಲ್ಲಿನ ರೈತರು ವಿಮೆಯ ಸ್ವರೂಪವನ್ನು ಅರಿತಿರುವುದು ಅವಶ್ಯಕ.

1988ರ ಮೋಟಾರು ವಾಹನ ಕಾಯಿದೆಯಂತೆ, ಥರ್ಡ್ ಪಾರ್ಟಿ ಎಂದು ಕರೆಯುವ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಇದು ನಮ್ಮ ವಾಹನದಿಂದ ಇತರರಿಗಾದ ಸಾವುನೋವು, ನಷ್ಟಗಳಿಗೆ ಮಾತ್ರ. ನಮ್ಮ ಟ್ರ್ಯಾಕ್ಟರು ಕಳುವಾದರೆ, ಸುಟ್ಟರೆ, ಮಗುಚಿ ಜಖಂಗೊಂಡರೆ ಪರಿಹಾರ ಪಡೆಯಲು ಸಮಗ್ರ ವಿಮೆ ಬೇಕು.

ಕಡ್ಡಾಯ ವಿಮೆಯ ದರವನ್ನು ಕೇಂದ್ರ ಸರ್ಕಾರ ಗೊತ್ತುಪಡಿಸುತ್ತದೆ. ಸ್ವಂತ ಹಾನಿಯ ಭಾಗದ ದರ ಕಂಪನಿಯಿಂದ ಕಂಪನಿಗೆ ಬೇರೆ, ವಿಚಾರಿಸಿ ಹೋಲಿಸಿ. ವಾಹನದ ಮೌಲ್ಯವನ್ನು ಕಡಿಮೆ ಬರೆಸಿದರೆ ಕಂತು ಇಳಿಯುತ್ತದೆ, ಕಳುವಾದಾಗ ಕೈಗೆ ಬರುವ ಹಣವೂ ಇಳಿಯುತ್ತದೆ. ಒಂದು ವರ್ಷ ಪರಿಹಾರ ಕೇಳದಿದ್ದರೆ ಈ ಭಾಗದ ಕಂತಿನಲ್ಲಿ ಶೇ. 20, ಸತತ ಐದು ವರ್ಷ ಕೇಳದಿದ್ದರೆ ಶೇ. 50 ರಿಯಾಯಿತಿ ಉಂಟು. ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಈ ರಿಯಾಯಿತಿ ತಪ್ಪಿಹೋಗುತ್ತದೆ.

ಟ್ರೈಲರನ್ನೂ ಪಾಲಿಸಿಯಲ್ಲಿ ತಪ್ಪದೆ ಸೇರಿಸಿರಿ. ಜಾತ್ರೆ, ಮದುವೆಗಳಿಗೆ ಅದರಲ್ಲಿ ಜನರನ್ನು ಕೂರಿಸಬೇಡಿ. ಬೇಸಾಯಕ್ಕೆಂದು ಪಡೆದ ವಿಮೆ ಅವರಿಗೆ ಅನ್ವಯಿಸದು. ಅಪಘಾತವಾದರೆ ಪರಿಹಾರದ ಹೊರೆ ಮಾಲೀಕನ ಮೇಲೆ ಬಿದ್ದು, ಜಮೀನು ಮಾರುವ ಪ್ರಸಂಗ ಬಂದೀತು. ಚಾಲಕನಿಗೆ ಪರವಾನಗಿ ಇರಲೇಬೇಕು.

ಮುಂಗಾರು ಉಳುಮೆಗೆ ಮೊದಲು ಪಾಲಿಸಿಯ ಮುಕ್ತಾಯದ ದಿನಾಂಕವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.