ಅಗ್ಗದ ರೌಟರ್ ಕೊಂಡವರು ಹೇಳುವುದು, ಹೇಳದೆ ಉಳಿಯುವುದು

ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಮನೆಬಳಕೆಯ ವೈಫೈ ರೌಟರುಗಳ ಬಗ್ಗೆ ಗ್ರಾಹಕರು ಬರೆಯುವ ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಂದೇ ಮಾದರಿಗೆ ಒಬ್ಬರು ಐದು ನಕ್ಷತ್ರ ಕೊಟ್ಟು ಮೆಚ್ಚಿಕೊಂಡಿರುವುದೂ ಇನ್ನೊಬ್ಬರು ಒಂದೇ ನಕ್ಷತ್ರ ಕೊಟ್ಟು ದುಡ್ಡು ದಂಡವಾಯಿತೆಂದು ಹಳಿದಿರುವುದೂ ಕಾಣುತ್ತದೆ. ಬಹುಮಟ್ಟಿಗೆ ಇಬ್ಬರ ಮಾತೂ ನಿಜವಾಗಿರುತ್ತದೆ. ರೌಟರಿನ ಕೆಲಸ ಅದರ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಗಿಯದೆ ಮನೆಯ ಗೋಡೆ, ನೆರೆಮನೆಯ ವೈಫೈ, ಬಳಸುವವರ ಮೊಬೈಲು, ತಿಂಗಳಿಗೆ ಕಟ್ಟುವ ಪ್ಲಾನು ಇವೆಲ್ಲವನ್ನೂ ಅವಲಂಬಿಸಿರುವುದರಿಂದ, ಗ್ರಾಹಕರು ತಮ್ಮ ಅನುಭವ ಬರೆಯುವಾಗ ಅರಿವಿಲ್ಲದೆಯೇ ತಮ್ಮ ಮನೆಯ ಬಗ್ಗೆಯೂ ಬರೆದಿರುತ್ತಾರೆ. ಆದ್ದರಿಂದ ಆ ಅಭಿಪ್ರಾಯಗಳಲ್ಲಿ ಯಾವುದು ಯಂತ್ರದ ದೋಷ, ಯಾವುದು ಜಾಗದ ದೋಷ, ಯಾವುದು ಡಬ್ಬಿಯ ಮೇಲೆ ಅಚ್ಚಾದ ಸಂಖ್ಯೆಯ ದೋಷ ಎಂದು ಬಿಡಿಸಿಕೊಳ್ಳಬೇಕು. ಯಾರ ದೂರಿನಲ್ಲೂ ಕಾಣಿಸಿಕೊಳ್ಳದ ದೋಷ ಯಾವುದೆಂಬುದನ್ನು ಅದಕ್ಕಿಂತಲೂ ಮುಖ್ಯವಾಗಿ ಕೇಳಬೇಕು.

ಫೈಬರ್ ತಂತಿಯಲ್ಲಿ ಬರುವ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು ಮೋಡೆಮ್‌ನ ಕೆಲಸವಾದರೆ, ಹಾಗೆ ಬಂದ ಒಂದೇ ಸಂಪರ್ಕವನ್ನು ಮನೆಯ ಹತ್ತಾರು ಮೊಬೈಲು, ಟಿವಿ, ಲ್ಯಾಪ್‌ಟಾಪುಗಳಿಗೆ ಹಂಚುವುದು ರೌಟರಿನ ಕೆಲಸ. ಅದು ಪ್ರತಿಯೊಂದು ಸಾಧನಕ್ಕೂ ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ಒಂದು ಒಳವಿಳಾಸ ಕೊಟ್ಟು, ಯಾರು ಕೇಳಿದ ಮಾಹಿತಿ ಯಾರಿಗೆ ತಲುಪಬೇಕೆಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ರೇಡಿಯೋ ಅಲೆಗಳ ಮೂಲಕ ಮುಟ್ಟಿಸುತ್ತದೆ. ಎರಡೂ ಕೆಲಸಗಳನ್ನು ಒಂದೇ ಪೆಟ್ಟಿಗೆ ಮಾಡುವ ಮನೆಗಳೂ ಬೇಕಾದಷ್ಟಿವೆ. ಅಗ್ಗದ ರೌಟರುಗಳಲ್ಲಿ ಹೆಚ್ಚಿನವು 2009ರಲ್ಲಿ ಅಂಗೀಕೃತವಾದ 802.11ಎನ್ ಎಂಬ ಮಾನದಂಡವನ್ನು ಅನುಸರಿಸುತ್ತವೆ. 2018ರಲ್ಲಿ ವೈಫೈ ಅಲಯನ್ಸ್ ಸಂಸ್ಥೆ ಈ ತಲೆಮಾರುಗಳಿಗೆ ಸರಳ ಹೆಸರುಗಳನ್ನು ಕೊಟ್ಟಾಗ ಇದಕ್ಕೆ ವೈಫೈ 4 ಎಂಬ ಹೆಸರು ಬಂತು.

ಇಂಥ ರೌಟರಿನ ಡಬ್ಬಿಯ ಮೇಲೆ 300 ಎಂಬಿಪಿಎಸ್ ಎಂಬ ಸಂಖ್ಯೆ ದೊಡ್ಡದಾಗಿ ಅಚ್ಚಾಗಿರುತ್ತದೆ, ಮತ್ತು ಗ್ರಾಹಕರ ಸಿಟ್ಟಿನ ಬಹುಪಾಲು ಹುಟ್ಟುವುದು ಅಲ್ಲಿಂದಲೇ. ಎಂಬಿಪಿಎಸ್ ಎಂದರೆ ಒಂದು ಸೆಕೆಂಡಿಗೆ ಸಾಗುವ ಮೆಗಾಬಿಟ್‌ಗಳ ಸಂಖ್ಯೆ. ಎರಡು ಆಂಟೆನಾಗಳಿಂದ ಏಕಕಾಲಕ್ಕೆ ಹೊರಡುವ ಎರಡು ಹರಿವುಗಳಿಗೆ ತಲಾ 150ರಂತೆ ಲೆಕ್ಕ ಹಾಕಿ 300 ಎಂದು ಬರೆಯಲಾಗುತ್ತದೆ. ಆದರೆ ಆ 150 ದೊರೆಯಬೇಕಾದರೆ ರೌಟರಿಗೆ 40 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿ ಬೇಕು. ಸುತ್ತಮುತ್ತ ಬೇರೆ ವೈಫೈಗಳಿದ್ದರೆ ರೌಟರ್ 20 ಮೆಗಾಹರ್ಟ್ಸ್‌ಗೆ ಇಳಿಯಬೇಕಾಗುವುದರಿಂದ ಗರಿಷ್ಠ ವೇಗ 144ಕ್ಕೆ ಕುಸಿಯುತ್ತದೆ. ಅದೂ ಗಾಳಿಯಲ್ಲಿನ ವೇಗವೇ ಹೊರತು ಕೈಗೆ ಸಿಗುವ ವೇಗವಲ್ಲ. ಒಂದೇ ಮೈಕ್ ಇರುವ ಸಭೆಯಲ್ಲಿ ಒಬ್ಬರ ಮಾತು ಮುಗಿದ ಮೇಲಷ್ಟೇ ಇನ್ನೊಬ್ಬರು ಮಾತಾಡಬಹುದಾದಂತೆ, ವೈಫೈನಲ್ಲಿ ಒಂದು ಕ್ಷಣಕ್ಕೆ ಒಂದೇ ಸಾಧನ ಮಾತಾಡಬೇಕು, ಉಳಿದವು ಕಾಯಬೇಕು, ಕಳುಹಿಸಿದ ಪ್ರತಿ ಕಂತಿಗೂ ತಲುಪಿತೆಂಬ ರಸೀತಿ ಹಿಂದಿರುಗಬೇಕು. ಈ ಕಾಯುವಿಕೆ, ರಸೀತಿಗಳಿಗೇ ಸಮಯದ ದೊಡ್ಡ ಪಾಲು ಹೋಗಿ, ಬರೆದ ವೇಗದ ಅರ್ಧದಷ್ಟು ಉಳಿದರೆ ಒಳ್ಳೆಯ ಫಲವೆಂದೇ ತಿಳಿಯಬೇಕು.

ಇದಕ್ಕಿಂತ ಬಿಗಿಯಾದ ಇನ್ನೊಂದು ತಡೆ ರೌಟರಿನ ಹಿಂಬದಿಯಲ್ಲಿದೆ. ಮೋಡೆಮ್‌ನಿಂದ ತಂತಿ ಬಂದು ಸೇರುವ ಪೋರ್ಟು ಅಗ್ಗದ ಮಾದರಿಗಳಲ್ಲಿ ಬಹುಪಾಲು 100 ಎಂಬಿಪಿಎಸ್‌ನದಾಗಿದ್ದು, ವ್ಯವಹಾರದಲ್ಲಿ ಅದರಿಂದ 95ರ ಆಸುಪಾಸಿಗಿಂತ ಹೆಚ್ಚು ದಾಟುವುದಿಲ್ಲ. 200 ಎಂಬಿಪಿಎಸ್ ಪ್ಲಾನಿಗೆ ಹಣ ಕಟ್ಟಿ, 300 ಎಂದು ಬರೆದ ರೌಟರ್ ತಂದಿಟ್ಟ ಗ್ರಾಹಕರಿಗೆ ಅಂತರ್ಜಾಲದಿಂದ 95ರ ಮೇಲೆ ಸಿಗುವ ದಾರಿಯೇ ಇಲ್ಲ, ಅವರು ರೌಟರಿನ ಪಕ್ಕದಲ್ಲೇ ಕುಳಿತು ಪರೀಕ್ಷಿಸಿದರೂ ಅಷ್ಟೇ. ಪೋರ್ಟಿನ ಈ ಮಿತಿ ಡಬ್ಬಿಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸುಳ್ಳು ಹೇಳದೆಯೂ ದಾರಿ ತಪ್ಪಿಸಬಹುದೆಂಬುದಕ್ಕೆ ಇದು ಸಾಕ್ಷಿ, ಮತ್ತು ಇದನ್ನು ಮಾರಾಟದ ಜಾಣ್ಮೆಯೆಂದು ಒಪ್ಪಿಕೊಳ್ಳುವುದು ಸರಿಯಲ್ಲ. ಎರಡು ತರಂಗಪಟ್ಟಿಗಳ ರೌಟರುಗಳಲ್ಲೂ ಇದೇ ಲೆಕ್ಕ ಮುಂದುವರಿಯುತ್ತದೆ: ಒಂದು ಪಟ್ಟಿಯ 300ಕ್ಕೆ ಇನ್ನೊಂದರ 867 ಸೇರಿಸಿ, ಬಂದ ಮೊತ್ತವನ್ನು ಇನ್ನಷ್ಟು ದುಂಡಗೆ ಮಾಡಿ 1200 ಎಂದು ಹೆಸರಿಡುತ್ತಾರೆ, ಅವುಗಳಲ್ಲೂ ಕೆಲವಕ್ಕೆ 100ರ ಪೋರ್ಟೇ ಇರುತ್ತದೆ. ಇದರ ಜೊತೆಗೆ ಬಿಟ್ ಮತ್ತು ಬೈಟ್‌ಗಳ ಗೊಂದಲವೂ ಉಂಟು. ಎಂಟು ಬಿಟ್‌ಗೆ ಒಂದು ಬೈಟ್ ಆಗುವುದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಫೈಲು ಇಳಿಯುವಾಗ ಪರದೆಯ ಮೇಲೆ ಸೆಕೆಂಡಿಗೆ ಸುಮಾರು 12 ಮೆಗಾಬೈಟ್ ಎಂದು ಕಾಣುವುದು ಸರಿಯಾದ ಲೆಕ್ಕವೇ ಆಗಿದ್ದರೂ, ಅದನ್ನು ಮೋಸವೆಂದು ತಿಳಿದು ಬರೆದ ದೂರುಗಳು ಇರುತ್ತವೆ.

ಜಾಗದ ಪಾತ್ರ ಇದಕ್ಕೆ ಸಮನಾಗಿ ದೊಡ್ಡದು. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳು ಪರವಾನಗಿಯಿಲ್ಲದೆ ಬಳಸಬಹುದೆಂಬ ನಿಯಮ ಬಂದದ್ದು 2005ರಲ್ಲಿ. ಆ ಪಟ್ಟಿಯಲ್ಲಿ 13 ಚಾನೆಲ್‌ಗಳಿದ್ದರೂ ಅವು ಐದೈದು ಮೆಗಾಹರ್ಟ್ಸ್ ಅಂತರದಲ್ಲಿವೆ, ಒಂದೊಂದು ವೈಫೈಗೆ ಬೇಕಾದ ಅಗಲವೋ 20 ಮೆಗಾಹರ್ಟ್ಸ್; ಹೀಗಾಗಿ ಒಂದರ ಮೇಲೊಂದು ಬೀಳದಂತೆ ಬಳಸಲು ಸಿಗುವುದು ಸಾಮಾನ್ಯವಾಗಿ 1, 6 ಮತ್ತು 11 ಎಂಬ ಮೂರೇ ಚಾನೆಲ್. ಬ್ಲೂಟೂತ್ ಸಾಧನಗಳು ನಡೆಯುವುದೂ ಅದೇ ಪಟ್ಟಿಯಲ್ಲಿ, ಅಡುಗೆಮನೆಯ ಮೈಕ್ರೋವೇವ್ ಒಲೆಯಿಂದ ಸೋರುವ ಅಲೆಗಳೂ ಅದೇ ಪಟ್ಟಿಯವು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೊಬೈಲು ತೆರೆದರೆ ಹತ್ತಿಪ್ಪತ್ತು ವೈಫೈ ಹೆಸರುಗಳು ಸಾಲಾಗಿ ಕಾಣುವಲ್ಲಿ ಈ ಮೂರು ಚಾನೆಲ್‌ಗಳನ್ನು ಎಲ್ಲರೂ ಹಂಚಿಕೊಳ್ಳಬೇಕಾದರೆ, ಮಲೆನಾಡಿನ ಅಡಿಕೆ ತೋಟದ ನಡುವಿನ ಒಂಟಿಮನೆಯಲ್ಲಿ ಅದೇ ರೌಟರಿಗೆ ಇಡೀ ತರಂಗಪಟ್ಟಿ ತನ್ನೊಬ್ಬನದೇ. ಮೊದಲ ಮನೆಯವರು ಒಂದು ನಕ್ಷತ್ರವನ್ನೂ ಎರಡನೆಯ ಮನೆಯವರು ಐದು ನಕ್ಷತ್ರವನ್ನೂ ಕೊಡಲು ಇಷ್ಟೇ ಸಾಕು. ನಗರದವರು 5 ಗಿಗಾಹರ್ಟ್ಸ್ ಪಟ್ಟಿಯೂ ಇರುವ ರೌಟರನ್ನು ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಕೊಳ್ಳುವುದು ವಿವೇಕ. 2018ರ ಅಧಿಸೂಚನೆಯ ನಂತರ ಆ ಪಟ್ಟಿಯ ಹೆಚ್ಚಿನ ಭಾಗ ಇಲ್ಲಿ ಮುಕ್ತವಾಗಿದೆ, ದಟ್ಟಣೆಯೂ ಕಡಿಮೆ. ಆದರೆ ಅದರ ಅಲೆಗಳು ಗೋಡೆ ದಾಟುವುದರಲ್ಲಿ ಹಿಂದೆ ಬೀಳುವುದರಿಂದ ದೂರದ ಕೋಣೆಗಳಿಗೆ ಹಳೆಯ ಪಟ್ಟಿಯೇ ಗತಿ.

ಗೋಡೆಗಳಲ್ಲೂ ಭೇದವಿದೆ. ಕರಾವಳಿಯ ಹಳೆಯ ಮನೆಗಳ ದಪ್ಪ ಮುರಕಲ್ಲಿನ ಗೋಡೆ, ಉತ್ತರ ಕರ್ನಾಟಕದ ಕಲ್ಲಿನ ಮನೆ, ಕಬ್ಬಿಣದ ಸರಳು ಹೆಣೆದ ಕಾಂಕ್ರೀಟ್ ತಾರಸಿ ಇವೆಲ್ಲ ಅಲೆಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಕುಗ್ಗಿಸುತ್ತವೆ. ಕಬ್ಬಿಣದ ಬೀರು ಅವನ್ನು ಹಿಂದಕ್ಕೆ ತಳ್ಳುತ್ತದೆ, ನೀರಿನ ಡ್ರಮ್ಮು ಹೀರಿಕೊಳ್ಳುತ್ತದೆ. ಕೇಬಲ್ ಹಾಕಲು ಬಂದವರು ತಂತಿ ಒಳಬಂದ ಕಿಟಕಿಯ ಪಕ್ಕದಲ್ಲೋ ಟಿವಿಯ ಹಿಂದೆಯೋ ರೌಟರನ್ನು ಮೊಳೆಗೆ ತೂಗುಹಾಕಿ ಹೋಗುತ್ತಾರೆ, ಅದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಹತ್ತು ಮೀಟರ್ ಹೆಚ್ಚಿನ ತಂತಿ ಎಳೆಸಿ ಅದನ್ನು ನಡುಮನೆಯಲ್ಲಿ ಎದೆಮಟ್ಟಕ್ಕಿಂತ ಮೇಲೆ ಇಟ್ಟರೆ ಎಷ್ಟೋ ಮನೆಗಳ ದೂರು ಅಲ್ಲಿಗೇ ಮುಗಿಯುತ್ತದೆ. ಕಡ್ಡಿಯಂಥ ಆಂಟೆನಾ ತನ್ನ ಸುತ್ತ ಅಡ್ಡಡ್ಡಲಾಗಿ ಅಲೆಗಳನ್ನು ಹರಡುವುದರಿಂದ ಅದನ್ನು ನೆಟ್ಟಗೆ ನಿಲ್ಲಿಸಬೇಕು. ಆಂಟೆನಾಗಳ ಸಂಖ್ಯೆ ಹೆಚ್ಚಾದ ಮಾತ್ರಕ್ಕೆ ಅಲೆ ದೂರ ಹೋಗುವುದಿಲ್ಲವೆಂಬುದನ್ನೂ, ಸಂಪರ್ಕವೆಂಬುದು ಎರಡು ಕಡೆಯ ವ್ಯವಹಾರವೆಂಬುದನ್ನೂ ನೆನಪಿಡಬೇಕು. ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳು ತಕ್ಕಮಟ್ಟಿಗಿದ್ದರೂ ಪುಟ ತೆರೆಯದೆ ಸುತ್ತುತ್ತಲೇ ಇದ್ದರೆ, ರೌಟರಿನ ಮಾತು ಮೊಬೈಲಿಗೆ ಕೇಳಿಸುತ್ತಿದೆ, ದುರ್ಬಲ ಪ್ರೇಷಕವಿರುವ ಮೊಬೈಲಿನ ಉತ್ತರ ರೌಟರಿಗೆ ತಲುಪುತ್ತಿಲ್ಲ ಎಂಬ ಸಾಧ್ಯತೆಯಿದೆ.

ದಿನಕ್ಕೊಮ್ಮೆ ಆಫ್ ಮಾಡಿ ಆನ್ ಮಾಡಬೇಕು ಎಂಬ ದೂರು ಮಾತ್ರ ಯಂತ್ರದ ಮೇಲೆಯೇ ಹೊರಿಸಬೇಕಾದದ್ದು. ರೌಟರ್ ಒಂದು ಪುಟ್ಟ ಕಂಪ್ಯೂಟರಾಗಿದ್ದು, ಅದರ ಮೆಮೊರಿ ಕಿರಿದಾಗಿದ್ದರೆ ಸಾಧನಗಳೂ ಸಂಪರ್ಕಗಳೂ ಹೆಚ್ಚಿದಂತೆ ಅದು ಬರೆದಿಟ್ಟುಕೊಳ್ಳುವ ಪಟ್ಟಿ ತುಂಬಿ ಹೊಸ ಕೋರಿಕೆಗಳು ನಿಂತುಬಿಡುತ್ತವೆ. ಸೆಕೆ ಹೆಚ್ಚಾದಾಗ, ಅಡಾಪ್ಟರ್ ಸೊರಗಿದಾಗಲೂ ಇದೇ ಲಕ್ಷಣ ಕಾಣುತ್ತದೆ. ಬೆಲೆ ಇಳಿಸಲು ತಯಾರಕರು ಮೊದಲು ಕೈಹಾಕುವುದು ಇಂಥ ಕಣ್ಣಿಗೆ ಕಾಣದ ಭಾಗಗಳಿಗೇ ಎಂಬುದಕ್ಕೆ ಅಮೆರಿಕದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಎಂಬ ಹೆಸರಾಂತ ರೌಟರಿನ ಚರಿತ್ರೆ ಒಳ್ಳೆಯ ನಿದರ್ಶನ. 2002ರ ಕೊನೆಗೆ ಮಾರುಕಟ್ಟೆಗೆ ಬಂದ ಆ ರೌಟರಿನ ಐದನೆಯ ಆವೃತ್ತಿ 2005ರಲ್ಲಿ ಬಂದಾಗ, ಹೊರಗಿನ ನೀಲಿ-ಕಪ್ಪು ಕವಚವೂ ಹೆಸರೂ ಹಾಗೆಯೇ ಉಳಿದು, ಒಳಗಿನ ಮೆಮೊರಿ 16 ಮೆಗಾಬೈಟಿನಿಂದ 8ಕ್ಕೆ, ತಂತ್ರಾಂಶ ಇಡುವ ಫ್ಲ್ಯಾಶ್ ಜಾಗ 4ರಿಂದ 2ಕ್ಕೆ ಇಳಿದಿತ್ತು. ಲಿನಕ್ಸ್ ಬದಲು ಬೇರೊಂದು ಕಾರ್ಯಾಚರಣ ವ್ಯವಸ್ಥೆ ಬಂದಿತ್ತು. ತಿಳಿದ ಬಳಕೆದಾರರು ಇದನ್ನು ಗುರುತಿಸಿ ಅಸಮಾಧಾನಗೊಂಡ ಮೇಲೆ ಕಂಪನಿ ಹಳೆಯ ರಚನೆಯನ್ನು ಡಬ್ಲ್ಯೂಆರ್‌ಟಿ54ಜಿಎಲ್ ಎಂಬ ಬೇರೆ ಹೆಸರಿನಲ್ಲಿ ಮಾರಿತು. ಒಂದೇ ಹೆಸರಿನಡಿ ಒಳಭಾಗ ಬದಲಾಯಿಸುವ ರೂಢಿ ಇಂದಿಗೂ ಉಳಿದಿರುವುದರಿಂದ, ಮೂರು ವರ್ಷದ ಹಿಂದೆ ಬರೆದ ಪ್ರಶಂಸೆ ಈಗ ಅಂಗಡಿಯಲ್ಲಿರುವ ಪೆಟ್ಟಿಗೆಗೆ ಸಲ್ಲದೆ ಹೋಗಬಹುದು; ರೌಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಮಾದರಿಯ ಹೆಸರಿನ ಜೊತೆಗೆ ಆವೃತ್ತಿಯ ಸಂಖ್ಯೆಯೂ ಇರುತ್ತದೆ.

ಅಡಾಪ್ಟರಿನ ಬಗ್ಗೆ ಒಂದು ಮಾತು ಅಗತ್ಯ. ಮೇಲಿಂದ ಮೇಲೆ ಕರೆಂಟ್ ಹೋಗಿ ಬರುವ ಊರುಗಳಲ್ಲಿ ರೌಟರಿಗಿಂತ ಮೊದಲು ಸಾಯುವುದು ಅದೇ. ಹೊಸದು ತರುವಾಗ ಹಳೆಯದರ ಮೇಲಿನ ವೋಲ್ಟ್ ಸಂಖ್ಯೆಯೇ ಹೊಸದರಲ್ಲೂ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು; 9 ವೋಲ್ಟ್ ರೌಟರಿಗೆ ಪಿನ್ನು ಕೂಡುತ್ತದೆಂದು 12 ವೋಲ್ಟ್‌ನ ಅಡಾಪ್ಟರನ್ನೋ ಮಿನಿ ಯುಪಿಎಸ್ ಅನ್ನೋ ಚುಚ್ಚಿದರೆ ರೌಟರೇ ಸುಟ್ಟುಹೋಗುವ ಸಂಭವವಿದೆ.

ಇಷ್ಟು ದೂರುಗಳಲ್ಲಿ ಅಪರೂಪವಾಗಿಯೂ ಕಾಣದಿರುವುದು ಸುರಕ್ಷತೆಯ ವಿಷಯ, ಮತ್ತು ಅಗ್ಗದ ರೌಟರಿನ ನಿಜವಾದ ಬೆಲೆ ತೆರಬೇಕಾಗಿ ಬರುವುದು ಅಲ್ಲೇ. ರೌಟರನ್ನು ನಡೆಸುವ ಒಳತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಅದರಲ್ಲಿ ಲೋಪಗಳು ಬೆಳಕಿಗೆ ಬಂದಂತೆಲ್ಲ ತಯಾರಕರು ತಿದ್ದುಪಡಿ ಕಳುಹಿಸಬೇಕು. ಆದರೆ ಕಡಿಮೆ ಲಾಭಕ್ಕೆ ಮಾರಿದ ಯಂತ್ರಕ್ಕೆ ವರ್ಷಗಟ್ಟಲೆ ತಿದ್ದುಪಡಿ ಬರೆಸಲು ಯಾವ ತಯಾರಕರಿಗೂ ಉತ್ಸಾಹವಿರುವುದಿಲ್ಲ. ಗುಂಡಿಯೊತ್ತಿ ಸಂಪರ್ಕಿಸುವ ಡಬ್ಲ್ಯೂಪಿಎಸ್ ಸೌಲಭ್ಯದ ಎಂಟಂಕಿಯ ಪಿನ್ನನ್ನು ರೌಟರ್ ಎರಡು ತುಂಡಾಗಿ ಪರೀಕ್ಷಿಸುವುದರಿಂದ ಗರಿಷ್ಠ 11,000 ಪ್ರಯತ್ನಗಳಲ್ಲಿ ಅದನ್ನು ಊಹಿಸಬಹುದೆಂದು 2011ರಲ್ಲಿ ಬಯಲಾಯಿತು. ಎಲ್ಲೆಡೆ ಬಳಕೆಯಲ್ಲಿದ್ದ ಡಬ್ಲ್ಯೂಪಿಎ2 ಎಂಬ ಗೂಢಲಿಪಿ ವಿಧಾನದ ಲೋಪವೊಂದನ್ನು 2017ರಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೂಫ್ ತೋರಿಸಿಕೊಟ್ಟರು. 2016ರ ಮಿರಾಯ್ ಎಂಬ ಕುತಂತ್ರಾಂಶವಂತೂ, ಕಾರ್ಖಾನೆಯಲ್ಲಿ ಇಟ್ಟ ಬಳಕೆಹೆಸರು ಮತ್ತು ಪಾಸ್‌ವರ್ಡ್‌ಗಳ ಸುಮಾರು 60 ಜೋಡಿಗಳ ಪಟ್ಟಿಯೊಂದನ್ನೇ ಹಿಡಿದು ಲಕ್ಷಾಂತರ ಕ್ಯಾಮೆರಾ, ರೌಟರುಗಳೊಳಗೆ ನುಗ್ಗಿತು. ಅದೇ ವರ್ಷ ನವೆಂಬರಿನಲ್ಲಿ ಅದರ ಒಂದು ರೂಪಾಂತರದ ದಾಳಿಯಿಂದ ಜರ್ಮನಿಯಲ್ಲಿ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕಕ್ಕೆ ಧಕ್ಕೆಯಾಯಿತು. 2017ರ ಜುಲೈನಲ್ಲಿ ಕರ್ನಾಟಕದಲ್ಲೂ ಬಿಎಸ್‌ಎನ್‌ಎಲ್ ಗ್ರಾಹಕರ ಮೋಡೆಮ್‌ಗಳು ಇಂಥದೇ ದಾಳಿಗೆ ತುತ್ತಾದವು. ಪೆಟ್ಟು ತಿಂದದ್ದು ಅಡ್ಮಿನ್ ಎಂಬ ಕಾರ್ಖಾನೆಯ ಪಾಸ್‌ವರ್ಡನ್ನು ಬದಲಾಯಿಸದೆ ಬಿಟ್ಟಿದ್ದ ಸಾಧನಗಳು. ಪಾಸ್‌ವರ್ಡ್ ಬದಲಾಯಿಸಿಕೊಳ್ಳಿರೆಂದು ಸಂಸ್ಥೆ ಗ್ರಾಹಕರನ್ನು ಕೋರಿತು.

ವೈಫೈಗೆ ಸೇರಲು ಅತಿಥಿಗಳಿಗೆ ಹೇಳುವ ಪಾಸ್‌ವರ್ಡ್ ಬೇರೆ, ರೌಟರಿನ ಒಳಗಿನ ಹೊಂದಾಣಿಕೆಗಳನ್ನು ತಿದ್ದುವ ಪಾಸ್‌ವರ್ಡ್ ಬೇರೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಮೊದಲನೆಯದನ್ನು ಬದಲಾಯಿಸಿ ಎರಡನೆಯದನ್ನು ಹಾಗೇ ಬಿಟ್ಟ ಮನೆಗಳು ಎಷ್ಟೋ. ತಳದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ಬರೆದು ಒಳಹೊಕ್ಕರೆ ಎರಡನೆಯದನ್ನು ಬದಲಾಯಿಸಲು, ಡಬ್ಲ್ಯೂಪಿಎಸ್ ಆಫ್ ಮಾಡಲು, ಹೊಸ ಫರ್ಮ್‌ವೇರ್ ಇದೆಯೇ ಎಂದು ನೋಡಲು ಕಾಲು ಗಂಟೆ ಸಾಕು. ಪರರ ವಶವಾದ ರೌಟರ್ ಸಾಮಾನ್ಯವಾಗಿ ಮೊದಲಿನಂತೆಯೇ ಕೆಲಸ ಮಾಡುತ್ತಿರುತ್ತದೆ, ಸಿನಿಮಾವೂ ಓಡುತ್ತದೆ, ಮಕ್ಕಳ ಆನ್‌ಲೈನ್ ಪಾಠವೂ ನಡೆಯುತ್ತದೆ. ಹೀಗಾಗಿ ಅದರ ಒಂದು ನಕ್ಷತ್ರವೂ ಕಡಿಮೆಯಾಗುವುದಿಲ್ಲ.

ಗ್ರಾಹಕರ ಅಭಿಪ್ರಾಯಗಳನ್ನು ಸಂಗ್ರಹಿಸುವ, ಪರಿಶೀಲಿಸುವ, ಪ್ರಕಟಿಸುವ ಕ್ರಮಗಳ ಬಗ್ಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡ ಹೊರಡಿಸಿದೆ, ಅದನ್ನು ಪಾಲಿಸುವುದು ಮಾರಾಟ ತಾಣಗಳ ಇಚ್ಛೆಗೆ ಬಿಟ್ಟದ್ದು. ಹೀಗಾಗಿ ಓದುಗರೇ ಮಾಡಿಕೊಳ್ಳಬಹುದಾದ ಜರಡಿಯೆಂದರೆ, ಕೊಂಡ ವಾರದಲ್ಲೇ ಬರೆದದ್ದನ್ನು ಬದಿಗಿಟ್ಟು, ಆರು ತಿಂಗಳು ಬಳಸಿದವರು, ಮನೆಯ ಅಳತೆ, ಪ್ಲಾನು, ಸಾಧನಗಳ ಸಂಖ್ಯೆ ಹೇಳಿದವರು, ವಾರಂಟಿಯಲ್ಲಿ ಬದಲಿ ಕೇಳಿ ಪಡೆದವರು ಅಥವಾ ಪಡೆಯದವರು ಬರೆದದ್ದನ್ನು ಓದುವುದು. ವಾರಂಟಿಯ ಮಾತು ನಡೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ವೇಗದ ಕೊರತೆಗೂ ಕೆಟ್ಟುಹೋದ ಅಡಾಪ್ಟರಿಗೂ ಹೀಗೆ ಒಂದಿಲ್ಲೊಂದು ದಾರಿಯಿದೆ; ತಿದ್ದುಪಡಿ ನಿಂತುಹೋದ ರೌಟರಿನ ವಿಷಯದಲ್ಲಿ ಕೊಳ್ಳುವ ಮುನ್ನವೇ ತಿಳಿಯುವ ಹಕ್ಕು ಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನು ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಇಡುವುದನ್ನು ನಿಷೇಧಿಸಿದೆ, ಸುರಕ್ಷತಾ ತಿದ್ದುಪಡಿಗಳು ಕನಿಷ್ಠ ಎಂದಿನವರೆಗೆ ಬರುತ್ತವೆಂದು ತಯಾರಕರು ಬಹಿರಂಗವಾಗಿ ಹೇಳಬೇಕೆಂದು ವಿಧಿಸಿದೆ. ಇಲ್ಲಿ ಪೊಟ್ಟಣದ ಸರಕುಗಳ ನಿಯಮಗಳ ಪ್ರಕಾರ ರೌಟರಿನ ಡಬ್ಬಿಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಬೇಕಾದ ವಿಳಾಸ ಇವೆಲ್ಲ ಅಚ್ಚಾಗಲೇಬೇಕು. ಫರ್ಮ್‌ವೇರ್ ತಿದ್ದುಪಡಿ ಯಾವ ವರ್ಷದವರೆಗೆ ಸಿಗುತ್ತದೆಂಬ ಇನ್ನೊಂದು ಸಾಲನ್ನು ಅದೇ ಪಟ್ಟಿಗೆ ಸೇರಿಸಿದರೆ, ಸಾವಿರ ರೂಪಾಯಿಯ ರೌಟರ್ ಕೊಳ್ಳುವವರೂ ತಾವು ಎಷ್ಟು ವರ್ಷದ ವಸ್ತುವನ್ನು ಕೊಳ್ಳುತ್ತಿದ್ದೇವೆಂದು ಅಂಗಡಿಯಲ್ಲೇ ನಿಂತು ಓದಿಕೊಳ್ಳಬಹುದು.