ಆಕ್ಸಲಾಟಲ್ ಮತ್ತು ಅದರ ತೊಟ್ಟಿಯ ತಳ

ಮೆಕ್ಸಿಕೋ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಸರೋವರವು ಆಕ್ಸಲಾಟಲ್ ಎಂಬ ಉಭಯಚರ ಪ್ರಾಣಿಯ ತವರು. ಕಪ್ಪೆಯ ಗೊದಮೊಟ್ಟೆಯು ಬೆಳೆದಂತೆ ಕಿವಿರುಗಳನ್ನು ಕಳೆದುಕೊಂಡು ನೆಲವನ್ನೇರುವುದು ಸರ್ವವಿದಿತ. ಸಲಮಾಂಡರ್ ವರ್ಗಕ್ಕೆ ಸೇರಿದ ಆಕ್ಸಲಾಟಲ್ ಹಾಗಲ್ಲ. ತಲೆಯ ಇಕ್ಕೆಲಗಳಲ್ಲಿ ಗರಿಗಳಂತಹ ಕಿವಿರುಗಳನ್ನು ಉಳಿಸಿಕೊಂಡು ಅದು ಸಾಮಾನ್ಯವಾಗಿ ಜೀವಮಾನವನ್ನೆಲ್ಲ ನೀರಿನಲ್ಲಿಯೇ ಕಳೆಯುತ್ತದೆ. 1864ರಲ್ಲಿ ಫ್ರೆಂಚರು ಕೆಲವನ್ನು ಪ್ಯಾರಿಸ್ಸಿಗೆ ಸಾಗಿಸಿದರು. ಅವುಗಳ ಸಂತತಿಯು ಯುರೋಪಿನ ಪ್ರಯೋಗಶಾಲೆಗಳಿಗೆ ಹರಡಿತು. ಮುಂದೆ ಅನೇಕ ದೇಶಗಳಲ್ಲಿ ಮನೆಗಳ ಗಾಜಿನ ತೊಟ್ಟಿಗಳನ್ನೂ ಈ ಪ್ರಾಣಿ ಸೇರಿತು. ತವರಿನಲ್ಲಾದರೋ ಅದು ವಿನಾಶದ ಅಂಚಿನಲ್ಲಿದೆ.

ಇದನ್ನು ಸಾಕುವವರು ನೀರು, ಆಹಾರ, ತಂಪುಗಳ ಬಗೆಗೆ ಎಚ್ಚರ ವಹಿಸುತ್ತಾರೆ. ತೊಟ್ಟಿಯ ತಳವನ್ನು ಮಾತ್ರ ಅಲಂಕಾರವೆಂದೇ ಭಾವಿಸುವುದುಂಟು. ವಸ್ತುತಃ ಪ್ರಾಣಿಯ ಅಳಿವು ಉಳಿವುಗಳು ಇದನ್ನೂ ಅವಲಂಬಿಸಿವೆ. ಇದಕ್ಕೆ ಕಾರಣ ಅದು ಉಣ್ಣುವ ರೀತಿ. ಆಕ್ಸಲಾಟಲ್‌ಗೆ ದೃಷ್ಟಿ ಮಂದ. ವಾಸನೆಯಿಂದಲೂ ನೀರಿನ ಅಲುಗಾಟದಿಂದಲೂ ಆಹಾರದ ಇರವನ್ನರಿತು, ಅದು ಥಟ್ಟನೆ ಬಾಯಿ ತೆರೆಯುತ್ತದೆ. ಆಗ ನೀರು ಒಳನುಗ್ಗುತ್ತದೆ. ಅದರೊಡನೆ ಎರೆಹುಳುವೂ, ಬಳಿಯಲ್ಲಿ ಬಿದ್ದಿರುವ ಕಲ್ಲೂ ಒಳಸೇರುತ್ತವೆ. ಅದರ ಕಿರುಹಲ್ಲುಗಳು ಹಿಡಿಯಬಲ್ಲವೇ ಹೊರತು ಅಗಿಯಲಾರವು.

ಆದುದರಿಂದ ಬಾಯಲ್ಲಿ ಹಿಡಿಯುವಷ್ಟು ಗಾತ್ರದ ಬಣ್ಣದ ಹರಳುಗಳೂ ಜಲ್ಲಿಯೂ ಅತ್ಯಂತ ಅಪಾಯಕಾರಿ. ನುಂಗಿದ ಕಲ್ಲು ಕರುಳಿನಲ್ಲಿ ಸಿಲುಕಿದರೆ ಪ್ರಾಣಿ ಆಹಾರವನ್ನು ತ್ಯಜಿಸುತ್ತದೆ, ಹೊಟ್ಟೆ ಉಬ್ಬುತ್ತದೆ, ಕಡೆಗೆ ಸಾವೂ ಸಂಭವಿಸಬಹುದು.

ಹಾಗಾದರೆ ತಳವನ್ನು ಬರಿದಾಗಿಯೇ ಬಿಡಬಹುದೇ? ಮರಿಗಳಿಗೆ ಅದೇ ಕ್ಷೇಮ. ನುಂಗಲು ಏನೂ ಇರುವುದಿಲ್ಲ. ಕಸವನ್ನು ತೆಗೆಯುವುದೂ ಸುಲಭ. ಆದರೆ ಆಕ್ಸಲಾಟಲ್ ಈಜುವುದಕ್ಕಿಂತ ಹೆಚ್ಚಾಗಿ ತಳದ ಮೇಲೆ ನಡೆಯುವ ಪ್ರಾಣಿ. ನುಣುಪಾದ ಗಾಜಿನ ಮೇಲೆ ಅದರ ಕಾಲುಗಳಿಗೆ ಹಿಡಿತ ಸಿಗುವುದಿಲ್ಲ. ಜೊತೆಗೆ ಅದರ ಕಣ್ಣುಗಳಿಗೆ ರೆಪ್ಪೆಯಿಲ್ಲವಾದ್ದರಿಂದ ಬರಿಯ ತಳದಿಂದ ಪ್ರತಿಫಲಿಸುವ ಬೆಳಕೂ ಬಾಧಕ. ಒರಟು ಮೇಲ್ಮೈಯುಳ್ಳ ಪಾಟಿಕಲ್ಲಿನ ಚಪ್ಪಡಿಗಳು ಈ ಕೊರತೆಯನ್ನು ನೀಗಿಸುತ್ತವೆ. ಅವುಗಳ ಅಡಿಯಲ್ಲಿ ಕಸ ಸೇರದಂತೆ ಅಂಚುಗಳನ್ನು ಮತ್ಸ್ಯಾಗಾರಗಳಿಗೆ ಯೋಗ್ಯವಾದ ಸಿಲಿಕೋನ್ ಅಂಟಿನಿಂದ ಮುಚ್ಚಬೇಕು. ಪ್ರಾಣಿಯ ತಲೆಗಿಂತ ದೊಡ್ಡದಾದ ನುಣ್ಣನೆಯ ಗುಂಡುಕಲ್ಲುಗಳನ್ನೂ ಇಡಬಹುದು. ಸಂದುಗಳಲ್ಲಿ ನಿಲ್ಲುವ ಕೊಳೆಯನ್ನು ಮಾತ್ರ ಆಗಾಗ ತೆಗೆಯಬೇಕಾಗುತ್ತದೆ.

ಸುಮಾರು 15 ಸೆಂಟಿಮೀಟರ್ ಉದ್ದಕ್ಕೆ ಬೆಳೆದ ಪ್ರಾಣಿಗೆ ಸಣ್ಣ ಮರಳು ಯುಕ್ತವಾದುದು. ಕಣಗಳು 1 ಮಿಲಿಮೀಟರಿಗಿಂತ ಚಿಕ್ಕವಾಗಿದ್ದರೆ, ಅಕಸ್ಮಾತ್ ನುಂಗಿದರೂ ಸಾಮಾನ್ಯವಾಗಿ ಮಲದೊಡನೆ ಹೊರಬೀಳುತ್ತವೆ. ಕಲ್ಲನ್ನು ಪುಡಿಮಾಡಿ ತಯಾರಿಸಿದ ಮರಳಿನ ಕಣಗಳಿಗೆ ಚೂಪಾದ ಅಂಚುಗಳಿರುವುದರಿಂದ ಅದು ಸಲ್ಲದು. ದುಂಡು ಕಣಗಳ ಮರಳನ್ನು ತಂದು, ತೊಳೆದ ನೀರು ತಿಳಿಯಾಗುವವರೆಗೂ ಜಾಲಿಸಿ ಬಳಸಬೇಕು.

ಮರಳಿನ ದಪ್ಪವೂ ವಿಚಾರಾರ್ಹವೇ. ಉಳಿದ ಆಹಾರವೂ ಮಲವೂ ಕೊಳೆತು ಅಮೋನಿಯಾ ಉಂಟಾಗುತ್ತದೆ; ಅದು ಕಿವಿರುಗಳನ್ನೂ ಚರ್ಮವನ್ನೂ ಸುಡುತ್ತದೆ. ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅನಂತರ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಮರಳಿನ ಕಣಗಳ ಮೇಲೂ ನೆಲೆಸುತ್ತವೆ. ಆದರೆ ಮರಳು ಬಹಳ ಆಳವಾಗಿದ್ದರೆ ಆಮ್ಲಜನಕವು ಕೆಳಗಿನ ಪದರಗಳನ್ನು ತಲುಪದೆ, ಅಲ್ಲಿ ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್ ಹುಟ್ಟಬಹುದು. ಆದುದರಿಂದ 2ರಿಂದ 3 ಸೆಂಟಿಮೀಟರ್ ದಪ್ಪ ಸಾಕು. ಮೇಲಿನ ಕಸವನ್ನು ದಿನವೂ ಕೊಳವೆಯಿಂದ ಹೀರಿ ತೆಗೆದು, ಮರಳನ್ನು ಆಗಾಗ ಮೆಲ್ಲನೆ ಕದಡಬೇಕು.

ಉತ್ತಮ ಪಾಲನೆಯಲ್ಲಿ ಆಕ್ಸಲಾಟಲ್ 10ರಿಂದ 15 ವರ್ಷಗಳ ಕಾಲ ಬಾಳುತ್ತದೆ. ತನ್ನ ನೆಲವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ತೊಟ್ಟಿಯೊಳಗಿನ ಜೀವಿಗಿಲ್ಲ. ಅದರ ಪರವಾಗಿ ಆರಿಸುವವನು ಮೊದಲು ಅದರ ಬಾಯಿಯನ್ನೂ ಕಾಲುಗಳನ್ನೂ ಗಮನಿಸಬೇಕು. ಬಣ್ಣ ಬೆಡಗುಗಳ ವಿಚಾರ ಆಮೇಲಿನದು.