‘ರವಷ್ಟು’ ಅಂದರೆ ಎಷ್ಟು?

ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಬೇಗೂರು ಕಡೆ ಸಾರಿಗೆ ಉಪ್ಪು ಸಾಲದಿದ್ದರೆ ‘ರವಷ್ಟು ಉಪ್ಪು ಹಾಕವ್ವ’ ಎನ್ನುತ್ತಾರೆ. ರವಷ್ಟು ಎಂದರೆ ಎಷ್ಟು ಗ್ರಾಂ ಎಂದು ಯಾರೂ ಕೇಳುವುದಿಲ್ಲ. ಹೇಳಿದವರಿಗೂ ಗೊತ್ತು, ಹಾಕುವವರಿಗೂ ಗೊತ್ತು.

ತುಸು, ಕೊಂಚ, ಸ್ವಲ್ಪ ಎಂಬ ಮಾತುಗಳು ಯಾವ ಪದಾರ್ಥಕ್ಕಾದರೂ ಹೊಂದುತ್ತವೆ. ಇನ್ನು ಕೆಲವು ಹಾಗಲ್ಲ. ಅರಿಸಿನಕ್ಕೆ ಚಿಟಿಕೆ, ನೀರಿಗೆ ಗುಟುಕು, ಎಣ್ಣೆಗೆ ತೊಟ್ಟು, ಅನ್ನಕ್ಕೆ ಅಗುಳು, ಬೆಲ್ಲಕ್ಕೆ ಚೂರು, ದಾರಕ್ಕೆ ಎಳೆ. ‘ಒಂದು ಚಿಟಿಕೆ ನೀರು ಕೊಡಿ’ ಎಂದರೆ ಪುಟ್ಟ ಮಕ್ಕಳೂ ನಗುತ್ತಾರೆ. ವಸ್ತು ಪುಡಿಯೋ, ದ್ರವವೋ, ಗಟ್ಟಿಯೋ ಎಂಬುದನ್ನು ಪದವೇ ಹೇಳಿಬಿಡುತ್ತದೆ. ಶಾಲೆಗೆ ಹೋಗದ ಅಜ್ಜಿಯೂ ಈ ವರ್ಗೀಕರಣದಲ್ಲಿ ತಪ್ಪುವುದಿಲ್ಲ.

ಮತ್ತೊಂದು ಗುಂಪು ‘ಇಲ್ಲ’ ಎನ್ನುವುದಕ್ಕೇ ಮೀಸಲು. ಎಳ್ಳಷ್ಟೂ ಸುಳ್ಳಿಲ್ಲ, ಲವಲೇಶವೂ ಅನುಮಾನವಿಲ್ಲ, ಜೇಬಿನಲ್ಲಿ ನಯಾಪೈಸೆ ಇಲ್ಲ. ಈ ನಯಾಪೈಸೆಗೆ ಒಂದು ಚರಿತ್ರೆಯೇ ಇದೆ. ಹಿಂದೆ ರೂಪಾಯಿಗೆ 16 ಆಣೆ, 64 ಪೈಸೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ರೂಪಾಯಿಗೆ 100 ಪೈಸೆಯಾಯಿತು. ಹಳೆಯ ಪೈಸೆಯೊಡನೆ ಗೊಂದಲವಾಗದಿರಲಿ ಎಂದು ಹೊಸದನ್ನು ‘ನಯಾ ಪೈಸೆ’ ಎಂದರು. 1964ರಲ್ಲಿ ‘ನಯಾ’ ಎಂಬುದನ್ನು ಕೈಬಿಟ್ಟರು. 2011ರಲ್ಲಿ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆಯೇ ನಿಂತಿತು. ನಾಣ್ಯ ಹೋದರೂ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ.

ತೂಕದ ಬೀಜ

ಕೆಲವು ಸಣ್ಣ ವಸ್ತುಗಳು ನಿಜವಾಗಿಯೂ ಅಳತೆಗೋಲಾಗಿದ್ದವು. ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿಯನ್ನು ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದರು. 96 ಗುಲಗಂಜಿಗೆ ಒಂದು ತೊಲ. ತೊಲಕ್ಕೆ ಸುಮಾರು 11.66 ಗ್ರಾಂ. ಭಾಗಿಸಿ ನೋಡಿ, ಒಂದು ಗುಲಗಂಜಿಗೆ ಸುಮಾರು 0.12 ಗ್ರಾಂ ಬರುತ್ತದೆ. ವಜ್ರ ತೂಗುವ ‘ಕ್ಯಾರಟ್’ ಕೂಡ ಕ್ಯಾರಬ್ ಎಂಬ ಮರದ ಬೀಜದಿಂದ ಬಂದ ಹೆಸರೇ. ಮಕ್ಕಳಿಗೊಂದು ಎಚ್ಚರಿಕೆ: ಗುಲಗಂಜಿ ನೋಡಲು ಚೆಂದ, ಆದರೆ ಬೀಜದೊಳಗೆ ಘೋರ ವಿಷವಿದೆ. ಬಾಯಿಗೆ ಹಾಕಬಾರದು.

ಮಾತು ಸಾಲದ ಜಾಗ

ಸಣ್ಣದೆಂದರೆ ಲೆಕ್ಕಕ್ಕಿಲ್ಲದ್ದು ಎಂದು ತಿಳಿಯಬಾರದು. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಎಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಿದರೂ ನಾಲ್ಕು ಗ್ರಾಂ ಆಗುವುದಿಲ್ಲ. ಆದರೆ ಆ ಇಷ್ಟು ದೊರೆಯದಿದ್ದರೆ ಗಳಗಂಡ ರೋಗ ಬರಬಹುದು. ಬಸುರಿಯರಿಗೆ ತೀರಾ ಕೊರತೆಯಾದರೆ ಹುಟ್ಟುವ ಮಗುವಿನ ಬುದ್ಧಿ ಬೆಳವಣಿಗೆಯೇ ಕುಂಠಿತವಾಗುತ್ತದೆ.

ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ನೀರು ಬೆರೆಸಬಹುದು. ಮಗುವಿನ ಔಷಧಕ್ಕೆ ಆ ಅನುಕೂಲವಿಲ್ಲ. ಪಾಲಕರು ಇಲ್ಲಿ ಗಮನಿಸಬೇಕು. ಹಸುಗೂಸುಗಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಹನಿ ಔಷಧದಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಮದ್ದಿರುತ್ತದೆ. ಅದನ್ನು ಸಿರಪ್ ಎಂದುಕೊಂಡು 5 ಮಿಲಿಲೀಟರ್ ಚಮಚದಲ್ಲಿ ಕುಡಿಸಿದರೆ 500 ಮಿಲಿಗ್ರಾಂ ಹೋಯಿತು. ಅದು ದೊಡ್ಡವರು ನುಂಗುವ ಒಂದು ಮಾತ್ರೆಯಷ್ಟು! ಅಡುಗೆಮನೆಯ ಚಮಚಗಳೂ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ. ಆದ್ದರಿಂದ ಔಷಧದ ಜೊತೆ ಬರುವ ಮುಚ್ಚಳ ಅಥವಾ ಹನಿ ನಳಿಕೆಯಲ್ಲೇ ಅಳೆಯಬೇಕು. ವೈದ್ಯರು ‘ಸ್ವಲ್ಪ ಕೊಡಿ’ ಎಂದರೆ ‘ಎಷ್ಟು ಎಂ.ಎಲ್.?’ ಎಂದು ಕೇಳಲು ಸಂಕೋಚ ಬೇಡ.

ನೂರು ಚಿಟಿಕೆ

ವಿದ್ಯಾರ್ಥಿಗಳೇ, ಈ ಭಾನುವಾರ ಒಂದು ಪ್ರಯೋಗ ಮಾಡಿ. ಒಂದು ಚಿಟಿಕೆ ಉಪ್ಪನ್ನು ದಿನಸಿ ಅಂಗಡಿಯ ತಕ್ಕಡಿ ತೂಗಲಾರದು. ಹಾಗಾದರೆ ಕಾಗದದ ಮೇಲೆ ನೂರು ಚಿಟಿಕೆ ಹಾಕಿ, ತೂಗಿಸಿ, ಕಾಗದದ ತೂಕ ಕಳೆದು ನೂರರಿಂದ ಭಾಗಿಸಿ. ನಿಮ್ಮ ಚಿಟಿಕೆ ಎಷ್ಟು, ಅಮ್ಮನ ಚಿಟಿಕೆ ಎಷ್ಟು ಎಂದು ಹೋಲಿಸಿ. ಅಳೆಯಲಾಗದಷ್ಟು ಸಣ್ಣದನ್ನು ಹಲವು ಬಾರಿ ಕೂಡಿಸಿ ಅಳೆಯುವುದು ವಿಜ್ಞಾನದ ಹಳೆಯ ಉಪಾಯ. ಪ್ರಯೋಗ ಮುಗಿದ ಮೇಲೆ ಉಪ್ಪನ್ನು ಡಬ್ಬಿಗೆ ಹಾಕಿ.

ಹನಿಗೂ ಇದೇ ಲೆಕ್ಕ. ಹನಿ ನಳಿಕೆಯಿಂದ ಬೀಳುವ ಸುಮಾರು 20 ಹನಿಗೆ ಒಂದು ಮಿಲಿಲೀಟರ್. ನಲ್ಲಿಯಿಂದ ಸೆಕೆಂಡಿಗೆ ಅಂಥದೊಂದು ಹನಿ ಸೋರಿದರೆ ದಿನಕ್ಕೆ 86,400 ಹನಿ, ಅಂದರೆ ನಾಲ್ಕು ಲೀಟರಿಗೂ ಹೆಚ್ಚು. ಮಳೆಯ ನೆರಳಿನ ನಮ್ಮ ತಾಲ್ಲೂಕಿನಲ್ಲಿ ಅದು ಒಬ್ಬರು ದಿನವಿಡೀ ಕುಡಿದರೂ ಮಿಗುವ ನೀರು. ‘ಹನಿ ಹನಿಗೂಡಿದರೆ ಹಳ್ಳ’ ಎಂದ ಹಿರಿಯರು ಲೆಕ್ಕ ಬಲ್ಲವರೇ ಆಗಿದ್ದರು.

ಒಲೆಯ ಮುಂದೆ ರವಷ್ಟು, ಚಿಟಿಕೆ, ತೊಟ್ಟು ಇರಲಿ. ಅವುಗಳನ್ನು ಮಕ್ಕಳು ಮರೆಯಬಾರದು. ಔಷಧದ ಸೀಸೆ ಕೈಗೆ ಬಂದಾಗ ಮಾತ್ರ ಅಂಕಿ ಓದುವ ಅಭ್ಯಾಸವಿರಲಿ.